ಏಳು ಮಿಲಿಮೀಟರ್

ಹಾರುತ್ತಿರುವ ಸೊಳ್ಳೆಯ ಆಕಳಿಕೆಯನ್ನು ಅಳೆದ ಡಾಕ್ಟರು ಈ ಭೂಮಂಡಲದಲ್ಲಿ ಒಬ್ಬನೇ ಒಬ್ಬ. ಅವನೇ ಈ ಕಥೆಯ ನಾಯಕ. ಒಂದು ಸಲವಲ್ಲ, ಮೂರು ಸಲ ಅಳೆದು ಸರಾಸರಿ ತೆಗೆದ. ಮೂರನೆಯ ಸಲಕ್ಕೆ ಸೊಳ್ಳೆಯೇ ನಾಚಿಕೊಂಡು ಬಾಯಿ ಮುಚ್ಚಿತು. ಅನುಮಾನ ಇದ್ದವರು ಹೋಗಿ ಆ ಸೊಳ್ಳೆಯನ್ನೇ ಕೇಳಿಕೊಳ್ಳಲಿ, ನನ್ನ ಅಭ್ಯಂತರವಿಲ್ಲ.

ಹಲ್ಲು ಮತ್ತು ದವಡೆಯ ದೊಡ್ಡ ಆಸ್ಪತ್ರೆಯೊಂದರ ಎರಡನೇ ಮಹಡಿಯಲ್ಲಿ, ಕೈ ತೊಳೆಯುವ ಬೇಸಿನ್ನಿಗೂ ಹಳೇ ಫೈಲುಗಳ ಬೀರುವಿಗೂ ನಡುವೆ ಸಿಕ್ಕಿಕೊಂಡಿದ್ದ ಒಂದು ಕೋಣೆ ಅವನ ಸಾಮ್ರಾಜ್ಯ. ಅದರಲ್ಲಿ ಒಂದು ಕುರ್ಚಿ, ಒಂದು ದೀಪ, ಗೋಡೆಗೊಂದು ಕನ್ನಡಿ, ಮೇಜಿನ ಮೇಲೆ ಸ್ಟೀಲಿನ ಕ್ಯಾಲಿಪರ್, ಎರಡು ಮೊನೆಯ ಅಳತೆಗೋಲು. ಚಕ್ರವರ್ತಿಗೆ ಇನ್ನೇನು ಬೇಕು?

ಪಕ್ಕದ ಆಪರೇಷನ್ ಥಿಯೇಟರಿನಲ್ಲಿ ದೊಡ್ಡ ಮೇಡಂ ಬುದ್ಧಿಹಲ್ಲು ತೆಗೆಯುತ್ತಿದ್ದರು. ದವಡೆಯ ಮೂಳೆಯೊಳಗೆ ಅಡ್ಡಡ್ಡ ಮಲಗಿಕೊಂಡು, ಮೇಲೇಳು ಅಂದರೆ ಏಳದ ಸೋಮಾರಿ ಹಲ್ಲುಗಳು. ತೆಗೆಯುವ ಮುಂಚೆ ಪ್ರತಿಯೊಬ್ಬರ ಕೆನ್ನೆಗೂ ಒಂದು ಇಂಜೆಕ್ಷನ್. ಅರ್ಧ ಜನಕ್ಕೆ ಊತ ಇಳಿಸುವ ಔಷಧ, ಉಳಿದರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ಔಷಧಿ ವಿಭಾಗದ ಬೀಗ ಹಾಕಿದ ಪೆಟ್ಟಿಗೆಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹಲ್ಲು ಕೊಟ್ಟವರಿಗೂ ಗೊತ್ತಿಲ್ಲ, ತೆಗೆದ ಮೇಡಂಗೂ ಗೊತ್ತಿಲ್ಲ, ಅಳೆಯುವವನಿಗಂತೂ ಗೊತ್ತಾಗಲೇಬಾರದು.

ಆಪರೇಷನ್ನಿಗೆ ಮೊದಲು, ಆಮೇಲೆ ಎರಡನೇ ದಿನ, ಏಳನೇ ದಿನ. ಮೇಲಿನ ಮುಂದಿನ ಹಲ್ಲಿನ ತುದಿಯಿಂದ ಕೆಳಗಿನ ಮುಂದಿನ ಹಲ್ಲಿನ ತುದಿಗೆ ಎಷ್ಟು ಮಿಲಿಮೀಟರ್ ಬಾಯಿ ತೆರೆಯುತ್ತದೆ ಎಂದು ಅಳೆದು ಫಾರಮ್ಮಿನಲ್ಲಿ ಬರೆಯುವುದು ಅವನ ಕೆಲಸ. ನೂರು ಬಾಯಿ ಮುಗಿದ ಮೇಲೆ ಪೆಟ್ಟಿಗೆ ತೆರೆಯುವುದು. ಆಗ ತಿಳಿಯುತ್ತದೆ, ಔಷಧದಲ್ಲಿ ಕಸುವಿದೆಯೋ, ಇಲ್ಲವೋ.

ಆಸ್ಪತ್ರೆಯಲ್ಲಿ ಅವನ ಹೆಸರು ಮಿಲಿಮೀಟರ್ ಡಾಕ್ಟ್ರು. ಅದರಲ್ಲೊಂದು ತಮಾಷೆಯಿತ್ತು. ಬಾಯಿ ಮಾತಿನಲ್ಲಿ ಅವನಷ್ಟು ಬಡಾಯಿಕೋರ ಇನ್ನೊಬ್ಬನಿರಲಿಲ್ಲ. ಜ್ವರ ಬಂದರೆ ನೂರಾ ಹನ್ನೆರಡು ಡಿಗ್ರಿ, ಜಾರಿ ಬಿದ್ದರೆ ನಾಲ್ಕು ಮಹಡಿ. ಅವನ ಜೊತೆ ಒಂದೇ ಮನೆಯಲ್ಲಿದ್ದ ಅಕ್ಕ, ಹೊಲಿಗೆ ಮಷೀನಿನ ಮುಂದೆ ಕೂತೇ ಹೇಳುತ್ತಿದ್ದಳು: "ಲೋ, ಊರೋರ ಬಾಯೆಲ್ಲ ಅಳೀತೀಯ. ನಿನ್ನ ಬಾಯಿ ಅಳೆಯೋಕೆ ನನ್ನ ಟೇಪು ಸಾಲದು ಕಣೋ."

ಆದರೆ ಕ್ಯಾಲಿಪರ್ ಕೈಗೆ ಬಂತೆಂದರೆ ಅವನು ಬೇರೆಯೇ ಮನುಷ್ಯ. ಅರ್ಧ ಮಿಲಿಮೀಟರನ್ನೂ ಆ ಕಡೆ ಈ ಕಡೆ ಸರಿಸಿದವನಲ್ಲ. ಬಾಯಲ್ಲಿ ಬೊಗಳೆ, ಕೈಯಲ್ಲಿ ಸತ್ಯ. ಅವನ ಹತ್ತಿರ ಇದ್ದ ಒಂದೇ ಒಂದು ಆಸ್ತಿ ಅದು.

*

"ಡಾಕ್ಟ್ರೇ, ಇಪ್ಪತ್ತೇಳು ಬಂದಿದೆ," ಅಂದರು ಸಿಸ್ಟರ್. ಔಷಧದ ಈ ಅಧ್ಯಯನದ ರಿಜಿಸ್ಟರು, ಫಾರಂ, ಪತ್ರ, ಎಲ್ಲಾ ನೋಡಿಕೊಳ್ಳುತ್ತಿದ್ದವರು ಅವರು. ಅವರಿಗೆ ಮನುಷ್ಯರೆಲ್ಲ ನಂಬರುಗಳೇ.

ಒಳಗೆ ಬಂದವಳು ಕುರ್ಚಿಯಲ್ಲಿ ಕೂತು "ನಮಸ್ಕಾರ" ಅಂದಳು. ಅವನು ಬೆಚ್ಚಿಬಿದ್ದು ಚಾವಣಿ ನೋಡಿದ. ಗೋಡೆ ನೋಡಿದ. ಲೌಡ್‌ಸ್ಪೀಕರ್ ಎಲ್ಲೂ ಕಾಣಲಿಲ್ಲ.

"ಏನು ಹುಡುಕ್ತಿದ್ದೀರಿ?"

"ನೀವು... ನೀವು ಏಳೂ ನಲವತ್ತರ ರೈಲು ಅಲ್ವಾ?"

"ನಾನು ರೈಲಿನ ಹಾಗೆ ಕಾಣ್ತೀನಾ ಡಾಕ್ಟ್ರೇ?" ಅವಳ ಹುಬ್ಬು ಒಂದು ಮಾತ್ರ ಮೇಲೆ ಹೋಯಿತು. "ರೈಲು ಬರ್ತಿದೆ ಅಂತ ಹೇಳೋಳು ನಾನು. ಸ್ಟೇಷನ್ನಲ್ಲಿ."

ಅದೇ ದನಿ! ದಿನಾ ಬೆಳಿಗ್ಗೆ ಪ್ಲಾಟ್‌ಫಾರಮ್ಮಿನಲ್ಲಿ ಕಣ್ಣುಜ್ಜುತ್ತ ನಿಂತವನ ಕಿವಿಗೆ ಬಿಸಿ ಹಾಲಿನಂತೆ ಇಳಿಯುತ್ತಿದ್ದ ದನಿ. ಅದನ್ನು ಕೇಳಲೆಂದೇ ರೈಲುಗಳು ಬೇಕಂತಲೇ ತಡವಾಗಿ ಬರುತ್ತಿದ್ದವು ಎಂದರೆ ಸುಳ್ಳಲ್ಲ.

"ದಿನಾ ನನ್ನ ಹತ್ರ ಕ್ಷಮೆ ಕೇಳ್ತೀರಲ್ಲ ನೀವು," ಅಂದ ಅವನು. "ಹದಿನಾಲ್ಕು ನಿಮಿಷ ತಡ, ತಮಗಾದ ಅಡಚಣೆಗೆ ವಿಷಾದಿಸುತ್ತೇವೆ ಅಂತ."

"ಒಂಬತ್ತು ವರ್ಷದಿಂದ ಕೇಳ್ತಿದ್ದೀನಿ. ನಾನು ಮಾಡದೇ ಇರೋ ತಪ್ಪಿಗೆ. ತಿರುಗಿ ನನ್ನ ಹತ್ರ ಒಬ್ರೂ ಒಂದ್ಸಲನೂ ಕೇಳಿಲ್ಲ ನೋಡಿ."

"ನಾನು ಕೇಳ್ತೀನಿ, ಬಿಡಿ. ಹತ್ತು ಸಾವಿರ ಸಲ ಕೇಳ್ತೀನಿ."

"ಮೊದಲು ತಪ್ಪು ಮಾಡಿ," ಅಂದಳು ಅವಳು, "ಆಮೇಲೆ ಕೇಳಿ."

ಮಾತು ಆಡಿದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಆ ದಿನ ಇಬ್ಬರೂ ನಕ್ಕರು.

ಬಾಯಿ ಅಳೆಯುವವನು ಬಾಯನ್ನು ಮಾತ್ರ ನೋಡಬೇಕು. ಅದು ನಿಯಮ. ಅವನು ನಿಯಮ ಪಾಲಿಸಿದ. ಕನ್ನಡಿ ಪಾಲಿಸಲಿಲ್ಲ. ಕ್ಯಾಲಿಪರಿನ ಎರಡು ತುದಿ ಅವಳ ಹಲ್ಲಿಗೆ ತಾಗಿ ನಿಂತಾಗ, ಮಾತು ನಿಂತ ಅವಳ ಕಣ್ಣುಗಳು ಕನ್ನಡಿಯ ಮೂಲಕ ಅವನನ್ನೇ ನೋಡುತ್ತಿದ್ದವು. ಎಡಗಣ್ಣಿನ ಕೆಳಗೆ ಎಳ್ಳಿನಷ್ಟು ಒಂದು ಮಚ್ಚೆ. ನಗು ಬಾಯಿಗೆ ಬರಲಾಗದೆ ಆ ಮಚ್ಚೆಯ ಹತ್ತಿರ ಬಂದು ಕೂತಿತ್ತು.

ನಲವತ್ತನಾಲ್ಕು. ನಲವತ್ತನಾಲ್ಕು. ನಲವತ್ತನಾಲ್ಕು.

"ಎಷ್ಟು?" ಅಂದಳು.

"ಅದ್ಭುತ. ಜಗತ್ತಿನಲ್ಲೇ ಇಂಥ ಬಾಯಿ..."

"ಹತ್ತರಿಂದ ಭಾಗಿಸ್ಬೇಕು ನಿಮ್ಮ ಮಾತನ್ನ, ಅಲ್ವಾ?"

"ಮಾತನ್ನ ಭಾಗಿಸ್ಕೊಳ್ಳಿ. ಇದನ್ನಲ್ಲ." ಅವನು ಕ್ಯಾಲಿಪರ್ ಎತ್ತಿ ತೋರಿಸಿದ. ಮೊದಲ ಸಲ ಗಂಭೀರವಾಗಿ ಹೇಳಿದ: "ಇದು ಕೈಯಲ್ಲಿದ್ದಾಗ ನಾನು ಸುಳ್ಳು ಹೇಳಲ್ಲ."

*

ಎರಡನೇ ದಿನ ಅವಳ ಬಲಗೆನ್ನೆ ಒಂದು ಬಲೂನು. ಬಾಯಿ ಹತ್ತೊಂಬತ್ತೇ ಮಿಲಿಮೀಟರ್. ಮಾತು ಬರುತ್ತಿರಲಿಲ್ಲ. ಪುಟ್ಟ ಪುಸ್ತಕವೊಂದನ್ನು ತಂದಿದ್ದಳು. ಬರೆದು ತೋರಿಸಿದಳು: "ಎಲ್ಲಾ ರೈಲುಗಳೂ ರದ್ದು."

ಅವನಿಗೆ ನಗು ತಡೆಯಲಾಗಲಿಲ್ಲ. ಅವಳಿಗೂ ನಗು, ಜೊತೆಗೆ ನೋವು. ಕೆನ್ನೆ ಹಿಡಿದುಕೊಂಡು ಕಣ್ಣಲ್ಲೇ ಬೈದಳು. ಮತ್ತೆ ಬರೆದಳು: "ನಗಿಸುವುದು ನಿಮ್ಮ ಅಧ್ಯಯನದಲ್ಲಿ ಇದೆಯಾ?"

"ಇಲ್ಲ. ಅದು ಬೋನಸ್."

"ಸ್ಟೇಷನ್ನಲ್ಲಿ ನನ್ನ ಬದಲು ಟಿಕೆಟ್ ಗುಮಾಸ್ತರು ಹೇಳುತ್ತಿದ್ದಾರೆ. ಅವರಿಗೆ ನೆಗಡಿ. ಜನ ತಪ್ಪು ರೈಲು ಹತ್ತುತ್ತಿದ್ದಾರೆ."

"ನಾನೂ ಇವತ್ತು ತಪ್ಪು ರೈಲು ಹತ್ತಿ ಸಮುದ್ರದವರೆಗೆ ಹೋಗಿ ಬಂದೆ."

ಅವಳು ಎರಡೂ ಕೈಯ ಬೆರಳು ಅಗಲಿಸಿ ತೋರಿಸಿದಳು. ಹತ್ತರಿಂದ ಭಾಗಿಸಿ, ಅಂತ.

ಸಿಸ್ಟರ್ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. "ಡಾಕ್ಟ್ರೇ, ಒಂದು ಬಾಯಿಗೆ ಮೂರು ನಿಮಿಷ ಅಂತ ಬರ್ದಿದೆ. ಇಪ್ಪತ್ತೇಳಕ್ಕೆ ಇಪ್ಪತ್ತೇಳು ನಿಮಿಷ ಅಂತ ಅಲ್ಲ."

ಆಮೇಲಿನ ಐದು ದಿನ ಅವನು ಹಿಂದಿನ ನಂಬರುಗಳ ಬಾಯಿಗಳನ್ನೂ ಅಳೆದ. ಎಲ್ಲವೂ ಬಾಯಿಗಳಂತೆಯೇ ಇದ್ದವು.

*

ಏಳನೇ ದಿನ ಊತ ಇಳಿದಿತ್ತು. ದನಿ ಮರಳಿತ್ತು. ಅವಳು ಕೋಣೆಗೆ ಕಾಲಿಡುತ್ತಲೇ, "ಪ್ರಯಾಣಿಕರ ಗಮನಕ್ಕೆ," ಅಂದಳು, "ಏಳು ದಿನ ತಡವಾಗಿ ಬರುತ್ತಿರುವ ಬಾಯಿ ಈಗ ಒಂದನೇ ಕುರ್ಚಿಗೆ ಬಂದು ತಲುಪಲಿದೆ."

ಅವನು ಅಳೆದ. ಮೂವತ್ತೆಂಟು. ಮೂವತ್ತೆಂಟು. ಮೂವತ್ತೆಂಟು.

ನಿಯಮ ಸರಳ. ಏಳನೇ ದಿನ ಮೂವತ್ತೈದು ದಾಟಿದರೆ ಧನ್ಯವಾದದ ಕಾರ್ಡು ಕೊಟ್ಟು ಕಳಿಸುವುದು. ದಾಟದಿದ್ದರೆ ಮೂರು ದಿನಕ್ಕೊಮ್ಮೆ ಬರಹೇಳುವುದು, ದಾಟುವವರೆಗೆ.

ಅವಳು ಬ್ಯಾಗು ಹೆಗಲಿಗೇರಿಸುತ್ತಾ ಕನ್ನಡಿಯಲ್ಲಿ ಕೇಳಿದಳು, "ಹಾಗಾದ್ರೆ ಇದೇ ಕೊನೆನಾ?"

ಆ ಪ್ರಶ್ನೆಯಲ್ಲಿ ಏನಿತ್ತೋ, ಅಥವಾ ಏನೂ ಇರಲಿಲ್ಲವೋ. ಅವನ ಪೆನ್ನು ಫಾರಮ್ಮಿನ ಚೌಕದ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಮೂವತ್ತೊಂದು ಎಂದು ಬರೆಯಿತು. ಪೆನ್ನು ಬರೆಯಿತು ಅಂತ ಹೇಳುವುದು ಸುಲಭ.

"ಇನ್ನೂ ಸ್ವಲ್ಪ ಕಮ್ಮಿ ಇದೆ," ಅಂದ. "ಮೂರು ದಿನ ಬಿಟ್ಟು ಬರ್ಬೇಕು."

"ಹೌದಾ? ನಂಗೆ ಸರಿಯಾಗೇ ಇದೆ ಅನ್ನಿಸ್ತು." ಅವಳು ದವಡೆ ಮುಟ್ಟಿಕೊಂಡಳು. ಆಮೇಲೆ ಮೇಜಿನ ಮೇಲಿನ ಕ್ಯಾಲಿಪರ್ ನೋಡಿ ನಕ್ಕಳು. "ಸರಿ. ಇದು ಸುಳ್ಳು ಹೇಳಲ್ವಲ್ಲ."

ಹೊರಗೆ ಸಿಸ್ಟರ್ ಆಗಲೇ ಸ್ಟೇಷನ್ನಿಗೆ ಪತ್ರ ಬರೆಯುತ್ತಿದ್ದರು. ಫಾರಮ್ಮಿನಲ್ಲಿದ್ದ ಮೂವತ್ತೊಂದನ್ನು ನೋಡಿ, ಇವರ ಬಾಯಿ ಇನ್ನೂ ಪೂರ್ತಿ ತೆರೆಯುತ್ತಿಲ್ಲ, ಮಾತಿನ ಕೆಲಸ ಕೊಡಬೇಡಿ, ಎಂದು. ಅವನಿಗೆ ಕಾಣಿಸಿತು. ತಡೆಯಬಹುದಿತ್ತು. ಇನ್ನೂ ಮೂರು ದಿನ ರಜೆ, ಒಳ್ಳೇದೇ ಆಯಿತಲ್ಲ ಅಂದುಕೊಂಡ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವಾಗ ಹೀಗೇ ಅಂದುಕೊಳ್ಳುತ್ತದೆ.

*

ಎರಡು ದಿನ ಕಳೆದು ಬೆಳಿಗ್ಗೆ ಏಳೂ ನಲವತ್ತಕ್ಕೆ ಪ್ಲಾಟ್‌ಫಾರಮ್ಮಿನಲ್ಲಿ ಗುಮಾಸ್ತರ ನೆಗಡಿ ಕೇಳಲಿಲ್ಲ. ಬೇರೊಂದು ದನಿ ಕೇಳಿತು. ಹೆಣ್ಣು ದನಿ, ನುಣುಪು, ಒಂದೊಂದು ಪದವನ್ನೂ ಬೇರೆ ಬೇರೆ ಡಬ್ಬಿಯಿಂದ ತೆಗೆದು ಜೋಡಿಸಿದಂತಿತ್ತು. ಹದಿ ನೈದು. ನಿಮಿಷ. ತಡವಾಗಿ. ವಿಷಾದಿಸುತ್ತೇವೆ.

ಉಸಿರೇ ಇಲ್ಲದ ವಿಷಾದ.

ಹತ್ತನೇ ದಿನ ಅವಳು ಬಂದಾಗ ನಗು ಇತ್ತು, ಮಚ್ಚೆಯವರೆಗೆ ಏರಲಿಲ್ಲ.

"ಯಂತ್ರ ತಂದು ಕೂರಿಸಿದ್ದಾರೆ ಡಾಕ್ಟ್ರೇ. ಬರೀ ಪರೀಕ್ಷೆಗಂತೆ. ವಾರದೊಳಗೆ ನಾನು ಬಂದಿದ್ರೆ ತರ್ತಾನೇ ಇರ್ಲಿಲ್ಲ ಅಂದ್ರು ಸ್ಟೇಷನ್ ಮಾಸ್ಟರ್." ಅವಳು ಕುರ್ಚಿಯಲ್ಲಿ ಕೂತು ತಾನಾಗಿಯೇ ಬಾಯಿ ತೆರೆದಳು. ಮತ್ತೆ ಮುಚ್ಚಿ ಹೇಳಿದಳು, "ಅಪ್ಪ ಮೊದಲನೇ ದಿನ ಪ್ಲಾಟ್‌ಫಾರಮ್ಮಿಗೆ ಬಂದು ನನ್ನ ದನಿ ಕೇಳ್ಕೊಂಡು ನಿಂತಿದ್ರು. ರೈಲು ಹತ್ತಲೇ ಇಲ್ಲ. ಅವರಿಗೆ ಈ ಯಂತ್ರದ ವಿಷ್ಯ ಇನ್ನೂ ಹೇಳಿಲ್ಲ. ನೀವು ಇವತ್ತು ಸರಿಹೋಗಿದೆ ಅಂತ ಹೇಳಿಬಿಡಿ, ನಾಳೆನೇ ಹೋಗ್ತೀನಿ."

ಕ್ಯಾಲಿಪರ್ ನಲವತ್ತೊಂದು ತೋರಿಸಿತು.

ಬರೆದರೆ ಆಯಿತು. ಆದರೆ ಮೂರು ದಿನದಲ್ಲಿ ಮೂವತ್ತೊಂದು ನಲವತ್ತೊಂದಾದರೆ ಫಾರಂ ತಿರುವುವ ದೊಡ್ಡ ಮೇಡಂ ಕನ್ನಡಕ ಏರಿಸಿ ನೋಡುತ್ತಾರೆ. ಮೊದಲನೆಯ ಸುಳ್ಳಿಗೆ ಪ್ರೀತಿ ಕಾರಣ ಅಂತಾದರೂ ಹೇಳಿಕೊಳ್ಳಬಹುದಿತ್ತು. ಎರಡನೆಯದಕ್ಕೆ ಬರೀ ಹೆದರಿಕೆ. ಮೂವತ್ತಮೂರು ಎಂದು ಬರೆದ.

"ಇನ್ನೂ ಇಲ್ವಾ?" ಅಂದಳು ಅವಳು. ಅವನ ಮೇಲೆ ಸಿಟ್ಟಲ್ಲ. ತನ್ನ ದವಡೆಯ ಮೇಲೇ ಬೇಸರ. ಎದ್ದು ಹೋಗುವಾಗ ಕೆನ್ನೆಯನ್ನು ಮೆಲ್ಲಗೆ ತಟ್ಟಿಕೊಂಡಳು, ಪಾಠ ಕಲಿಯದ ಮಗುವಿಗೆ ತಟ್ಟುವ ಹಾಗೆ.

ಆ ತಟ್ಟು ಅವನ ಕೆನ್ನೆಗೆ ಬಿತ್ತು.

"ಇಪ್ಪತ್ತೇಳಕ್ಕೆ ಸಿಕ್ಕಿದ್ದು ಉಪ್ಪುನೀರೇ ಇರ್ಬೇಕು ಪಾಪ," ಅಂದರು ಸಿಸ್ಟರ್ ಫಾರಂ ಎತ್ತಿಡುತ್ತಾ. ಹೌದಲ್ಲ. ಸಿಕ್ಕಿದ್ದು ಔಷಧವೇ ಆಗಿದ್ದರೆ? ಒಳ್ಳೆಯ ಔಷಧವೊಂದರ ಮೇಲೆ ಅವನು ಏಳು ಮಿಲಿಮೀಟರ್ ಮಣ್ಣು ಹಾಕಿದ್ದ.

ಮನೆಯಲ್ಲಿ ಅಕ್ಕ ಯಾವುದೋ ಬಟ್ಟೆಗೆ ಟೇಪು ಹಿಡಿದಿದ್ದಳು. ಆ ಟೇಪು ಕಂಡರೂ ಅವನಿಗೆ ಆಗುತ್ತಿರಲಿಲ್ಲ.

"ಯಾಕೋ, ನಾಲ್ಕು ದಿನದಿಂದ ಒಂದು ಬೊಗಳೆನೂ ಬಿಟ್ಟಿಲ್ಲ? ಜ್ವರನಾ?"

"ಇಲ್ಲ."

"ಎಷ್ಟು ಡಿಗ್ರಿ?"

"ತೊಂಬತ್ತೆಂಟು ಪಾಯಿಂಟ್ ನಾಲ್ಕು."

ಅಕ್ಕ ಕತ್ತರಿ ಕೆಳಗಿಟ್ಟಳು. "ಅಯ್ಯೋ ದೇವ್ರೇ. ಏನೋ ಮಾಡ್ಕೊಂಡಿದ್ದೀಯ ನೀನು."

"ನಾನೇನು ಮಾಡಿದೆ? ನಾನೇನೂ ಬರೆದಿಲ್ಲ!"

"ಬರೆದೆ ಅಂತ ಯಾರೋ ಅಂದ್ರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವನು ಎಲ್ಲವನ್ನೂ ಹೇಳಿದ. ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಅಂತಾರಲ್ಲ ಅಕ್ಕಾ, ಅಂತ ಕೊನೆಗೊಂದು ಬಾಲವನ್ನೂ ಸೇರಿಸಿದ.

"ಸಾವಿರ ಸುಳ್ಳು ಬಾಯಲ್ಲಿ ಹೇಳು, ಬೇಡ ಅನ್ನಲ್ಲ," ಅಂದಳು ಅಕ್ಕ. "ಒಂದು ಸುಳ್ಳು ಕೈಯಲ್ಲಿ ಬರೆದೆಯಲ್ಲೋ. ಇನ್ನು ನಿನ್ನ ಹತ್ರ ಏನು ಉಳೀತು?"

*

ಹನ್ನೆರಡನೇ ದಿನ ಬೆಳಿಗ್ಗೆ ಅವನು ಸಿಂಹದಂತೆ ಎದ್ದ. ಮೂರು ಮೂರು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹಾರುತ್ತ, ಯಾರೂ ಕರೆಯದೆ, ಯಾರೂ ಕೇಳದೆ, ದೊಡ್ಡ ಮೇಡಂ ಕೋಣೆಗೆ ನುಗ್ಗಿದ. ಗೋಡೆಯ ಮೇಲಿನ ಪ್ರಮಾಣಪತ್ರಗಳು ನಡುಗಿದವು. "ಮೇಡಂ, ನಾನು ಸುಳ್ಳು ಬರೆದಿದ್ದೇನೆ!" ಎಂದು ಗುಡುಗಿದ. ಆ ಧೈರ್ಯ ಕಂಡು ಕಿಟಕಿಯ ಪಾರಿವಾಳಗಳು ತಲೆ ತಗ್ಗಿಸಿದವು.

ಮೇಡಂ ಗುಬ್ಬಚ್ಚಿಯಷ್ಟು ಸಣ್ಣ ಆಳು. ಅವನು ಹೇಳಿದ್ದನ್ನು ಪೂರ್ತಿ ಕೇಳಿದರು. ಬೈಯಲಿಲ್ಲ. ಫಾರಂ ತರಿಸಿ ಎದುರಿಗಿಟ್ಟರು.

"ಸರಿ ಮಾಡಪ್ಪಾ."

ಅವನು ಮೇಜಿನ ಮೇಲಿದ್ದ ಬಿಳಿ ಶಾಯಿಗೆ ಕೈ ಹಾಕಿದ.

"ಅದಲ್ಲ. ನಮ್ಮ ಕೆಲಸದಲ್ಲಿ ತಪ್ಪನ್ನ ಅಳಿಸೋ ಹಾಗಿಲ್ಲ, ಮರೆತೆಯಾ? ಒಂದೇ ಗೆರೆ ಎಳಿ. ಕೆಳಗಿರೋ ತಪ್ಪು ಓದೋ ಹಾಗಿರ್ಬೇಕು. ಪಕ್ಕದಲ್ಲಿ ಸರಿಯಾದ್ದು ಬರಿ. ಸಹಿ ಹಾಕು. ತಾರೀಕು ಹಾಕು. ಯಾಕೆ ಅಂತ ಕಾರಣ ಬರಿ."

ಗೆರೆ, ಸಹಿ, ತಾರೀಕು ಆಯಿತು. ಕಾರಣದ ಜಾಗದಲ್ಲಿ ಪೆನ್ನು ನಿಂತುಬಿಟ್ಟಿತು. ಬಹಳ ಹೊತ್ತಿನ ಮೇಲೆ ಬರೆದ: "ಅವರು ಮತ್ತೆ ಬರಲಿ ಎಂದು."

ಮೇಡಂ ಓದಿದರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಇಪ್ಪತ್ತೇಳು ಬಾಯಿ ಅಳೆದಿದ್ದೀಯ. ಒಂದು ಸುಳ್ಳು ಅಂತ ನೀನೇ ಹೇಳ್ತಿದ್ದೀಯ. ಉಳಿದ ಇಪ್ಪತ್ತಾರನ್ನ ನಾನು ಹೇಗಪ್ಪಾ ನಂಬ್ಲಿ?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಅಡಿಕೆಯಾದರೂ ಕಣ್ಣಿಗೆ ಕಾಣುವಷ್ಟಿರುತ್ತದೆ. ಇದು ಏಳು ಮಿಲಿಮೀಟರ್.

ಇಂಥ ಅಧ್ಯಯನಗಳ ಮೇಲೆ ಕಣ್ಣಿಡುವ ಆಸ್ಪತ್ರೆಯ ನೀತಿ ಸಮಿತಿಗೆ ವರದಿ ಹೋಯಿತು. ಇಪ್ಪತ್ತೇಳು ಫಾರಮ್ಮುಗಳೂ ಪಕ್ಕಕ್ಕೆ ಸರಿದವು. ಅಧ್ಯಯನ ಮತ್ತೆ ಒಂದರಿಂದ ಶುರು, ಅಳೆಯುವವರು ಬೇರೆ. ಅವನ ಕೈಯಿಂದ ಕ್ಯಾಲಿಪರ್ ಹೋಯಿತು. ಉಳಿದ ಇಪ್ಪತ್ತಾರು ಜನಕ್ಕೂ ಅವನೇ ಫೋನು ಮಾಡಿ, ನಿಮ್ಮ ಅಳತೆ ಈಗ ಬಳಸುತ್ತಿಲ್ಲ, ತಪ್ಪು ನನ್ನದು, ಎಂದು ಹೇಳಬೇಕಾಯಿತು. ಕೆಲವರು ಸರಿ ಬಿಡಿ ಅಂದರು. ಕೆಲವರು ಬೈದರು, ಅದು ವಾಸಿ. ಒಂಬತ್ತನೇ ನಂಬರಿನ ಮುದುಕರು ಕೇಳಿದರು: "ಅಂದ್ರೆ ನಾನು ನೋವು ತಿಂದಿದ್ದು ಲೆಕ್ಕಕ್ಕಿಲ್ವೇನಪ್ಪಾ?"

ಸ್ಟೇಷನ್ನಿಗೆ ಮೇಡಂ ತಾವೇ ಬೇರೆ ಪತ್ರ ಬರೆದರು. ಇವರ ಬಾಯಿ ಏಳನೇ ದಿನವೇ ಸರಿಯಿತ್ತು, ತಪ್ಪು ನಮ್ಮದು, ಎಂದು. ಅಷ್ಟರಲ್ಲಿ ಯಂತ್ರ ಖಾಯಂ ಆಗಿತ್ತು. ಅವಳಿಗೆ ಮೈಕು ಮರಳಿ ಸಿಕ್ಕಿತು, ಅರ್ಧ. ಮಧ್ಯಾಹ್ನದಿಂದ ಸಂಜೆಯವರೆಗೆ ಅವಳು. ಬೆಳಗಿನ ರೈಲುಗಳೆಲ್ಲ ಯಂತ್ರಕ್ಕೆ.

*

ಎರಡು ತಿಂಗಳು ಅವನು ಅವಳ ಎದುರಿಗೆ ಹೋಗಲಿಲ್ಲ. ಆದರೆ ಸಂಜೆಯ ಪ್ಲಾಟ್‌ಫಾರಮ್ಮಿಗೆ ಹೋಗುತ್ತಿದ್ದ. ಎರಡನೇ ಪ್ಲಾಟ್‌ಫಾರಮ್ಮಿನ ನಾಲ್ಕನೇ ಕಂಬಕ್ಕೆ ಒರಗಿ ನಿಂತು ದನಿ ಕೇಳುವುದು. ಅವನ ರೈಲು ಐದೂ ಹತ್ತಕ್ಕೆ. ಅದನ್ನು ಬಿಡುವುದು, ಐದೂ ಐವತ್ತನ್ನು ಬಿಡುವುದು, ಆರೂವರೆಗೆ ಮನೆಗೆ ಹೊರಡುವುದು.

ಒಂದು ಸಂಜೆ ಐದೂ ಐವತ್ತು ಹೊರಟು ಹೋದ ಮೇಲೆ ಸ್ಪೀಕರು ಗರ್ ಅಂದಿತು.

"ಎರಡನೇ ಪ್ಲಾಟ್‌ಫಾರಮ್ಮಿನ ಕಂಬಕ್ಕೆ ಒರಗಿ ನಿಂತಿರುವ ಪ್ರಯಾಣಿಕರ ಗಮನಕ್ಕೆ. ಕಂಬ ತಾನಾಗಿಯೇ ನಿಲ್ಲುತ್ತದೆ. ತಾವು ಹಿಡಿದುಕೊಳ್ಳುವ ಅವಶ್ಯಕತೆ ಇಲ್ಲ."

ಪ್ಲಾಟ್‌ಫಾರಮ್ಮಿನಲ್ಲಿದ್ದ ಐದು ಸಾವಿರ ಜನ ಒಟ್ಟಿಗೇ ತಿರುಗಿ ನೋಡಿದರು. ಅವನು ಓಡಿಹೋಗಬೇಕೆನ್ನುವಷ್ಟರಲ್ಲಿ ಅವಳೇ ಕಬ್ಬಿಣದ ಮೆಟ್ಟಿಲಿಳಿದು ಬಂದಳು. ಹತ್ತಿರ ಬಂದು ಅವನನ್ನೇ ನೋಡುತ್ತ ನಿಂತಳು. ಇಲ್ಲಿ ಕನ್ನಡಿ ಇರಲಿಲ್ಲ.

"ನಾನು..." ಅಂದ ಅವನು. "ತಮಗಾದ ಅಡಚಣೆಗೆ..."

"ಅದು ನನ್ನ ಡೈಲಾಗು. ನಿಮ್ಮದು ಹೇಳಿ."

"ಸಾವಿರ ಸಲ, ಲಕ್ಷ ಸಲ ನಾನು..."

ಅವಳು ಮೆಲ್ಲಗೆ ಎರಡೂ ಕೈ ಎತ್ತಿ ಹತ್ತು ಬೆರಳು ಅಗಲಿಸಿದಳು.

ಅವನು ನಿಂತ. ಭಾಗಿಸಿ, ಭಾಗಿಸಿ, ಕೊನೆಗೆ ಉಳಿದದ್ದನ್ನು ಹೇಳಿದ. "ತಪ್ಪಾಯ್ತು."

ಒಂಬತ್ತು ವರ್ಷ ಮೂರು ತಿಂಗಳಲ್ಲಿ ಅವಳಿಗೆ ಮೊದಲನೇ ಸಲ. ಅವಳು ಹಳಿಯ ಕಡೆ ತಿರುಗಿಕೊಂಡಳು. ಕಣ್ಣು ಒರೆಸಿಕೊಳ್ಳಲಿಲ್ಲ, ಗಾಳಿಗೆ ಬಿಟ್ಟಳು.

"ಆ ಮೂವತ್ತೊಂದು ಇನ್ನೂ ಕಾಣತ್ತಾ, ಫಾರಮ್ಮಿನಲ್ಲಿ?"

"ಕಾಣತ್ತೆ. ಅಳಿಸೋ ಹಾಗಿಲ್ಲ. ಒಂದು ಗೆರೆ ಮಾತ್ರ."

"ಕಾರಣ?"

"ಅದೂ ಇದೆ."

"ಏನಂತ?"

ಅವನು ಹೇಳಿದ. "ಬಾ ಅಂತ ಕರೆದಿದ್ರೆ ಬರ್ತಿದ್ದೆ," ಅಂದಳು ಅವಳು. "ಅಷ್ಟೂ ಗೊತ್ತಾಗ್ಲಿಲ್ವಾ, ಅಳತೆ ಡಾಕ್ಟ್ರಿಗೆ?"

ಅವನು ತಲೆ ತಗ್ಗಿಸಿದ.

"ನಾನೂ ಅಳಿಸಲ್ಲ," ಅಂದಳು ಅವಳು. "ಒಂದು ಗೆರೆ ಎಳೀತೀನಿ. ಕೆಳಗೆ ಓದೋ ಹಾಗೇ ಇರತ್ತೆ. ಒಪ್ಪಿಗೆನಾ?"

ಆಗ ನಿಲ್ದಾಣದಲ್ಲಿದ್ದ ನಲವತ್ತು ರೈಲುಗಳು ಒಟ್ಟಿಗೇ ಸಿಳ್ಳೆ ಹಾಕಿದವು. ಆಕಾಶದಿಂದ...

*

"ದಯವಿಟ್ಟು ಗಮನಿಸಿ."

ಇದು ಕಥೆಯೊಳಗಿನ ದನಿಯಲ್ಲ. ನನ್ನ ಹೆಗಲ ಹಿಂದಿನದು. ಎಷ್ಟು ಹೊತ್ತಿನಿಂದ ನಿಂತು ಓದುತ್ತಿದ್ದಳೋ ಗೊತ್ತಿಲ್ಲ.

"ಹನ್ನೆರಡನೇ ದಿನ ಮೂರು ಮೂರು ಮೆಟ್ಟಿಲು ಹಾರಿಕೊಂಡು ಬರಬೇಕಿದ್ದ ಸಿಂಹ ರದ್ದಾಗಿದೆ. ಓದುಗರಿಗಾದ ಅಡಚಣೆಗೆ ವಿಷಾದಿಸುತ್ತೇವೆ." ಆಮೇಲೆ ಮಾಮೂಲು ದನಿಯಲ್ಲಿ, "ರೀ, ನಲವತ್ತು ರೈಲು ಬರ್ಕೊಳ್ಳಿ. ಸೊಳ್ಳೆನೂ ಇರ್ಲಿ. ಆ ಸಿಂಹಾನ ಮಾತ್ರ ಹಾಗೆ ಬಿಡ್ಬೇಡಿ."

ಬಾಯಿ ಬಿಟ್ಟರೆ ಬಣ್ಣಗೇಡು. ಸರಿ. ಒಂದು ಗೆರೆ ಎಳೆಯುತ್ತೇನೆ.

ಆ ಡಾಕ್ಟರು ನಾನೇ. ಹನ್ನೆರಡನೇ ದಿನ ನಾನು ಎಲ್ಲಿಗೂ ನುಗ್ಗಲಿಲ್ಲ. ಅಕ್ಕ ಅಷ್ಟು ಹೇಳಿದ ಮೇಲೂ ನುಗ್ಗಲಿಲ್ಲ. ಹದಿಮೂರನೇ ದಿನ ಅವಳು ಅಳತೆಗೆ ಬಂದಳು. ನಾನು ಅಳೆದು, ಫಾರಮ್ಮಿನಲ್ಲಿ ಮೂವತ್ತನಾಲ್ಕು ಎಂದು ಬರೆದೆ. ಆಗ ಅವಳು, "ನಾನೊಂದ್ಸಲ ಹಿಡಿದು ನೋಡ್ಲಾ?" ಅಂತ ಕೇಳಿ ಕ್ಯಾಲಿಪರ್ ತೆಗೆದುಕೊಂಡಳು. ಅನುಮಾನದಿಂದಲ್ಲ. ತನ್ನ ದವಡೆಗೆ ಏನಾಗಿದೆ ಅಂತ ತಿಳಿಯಲು. ಕನ್ನಡಿ ನೋಡಿಕೊಂಡು ತಾನೇ ಹಲ್ಲಿಗೆ ತಾಗಿಸಿದಳು. ದೀಪಕ್ಕೆ ಹಿಡಿದು ಓದಿದಳು, "ನಲವತ್ತೆರಡು." ಎರಡನೇ ಸಲ ನೋಡಿದಳು. ಮೂರನೇ ಸಲ ನೋಡಿದಳು. ಆಮೇಲೆ ಫಾರಂ ತನ್ನ ಕಡೆ ತಿರುಗಿಸಿಕೊಂಡು ನನ್ನ ಅಕ್ಷರ ಓದಿದಳು.

"ಇದನ್ನ ಯಾರಿಗೆ ಹೇಳ್ಬೇಕು?" ಅಂತ ಕೇಳಿದಳು. ನಾನು ಬಾಯಿ ತೆರೆಯಲಿಲ್ಲ. ಸೊನ್ನೆ ಮಿಲಿಮೀಟರ್. ಅವಳೇ ನನ್ನ ತೋಳು ಹಿಡಿದು ಮೇಡಂ ಬಾಗಿಲವರೆಗೆ ನಡೆಸಿಕೊಂಡು ಹೋದಳು. ಒಳಗೆ ಬರಲಿಲ್ಲ. "ಅಷ್ಟಾದ್ರೂ ನೀವೇ ಹೇಳಿ," ಅಂದಳು. ಅವಳು ಆ ದಿನ ಕ್ಯಾಲಿಪರ್ ಮುಟ್ಟದಿದ್ದರೆ ಆ ಮೂವತ್ತನಾಲ್ಕು ಹಾಗೇ ಇರುತ್ತಿತ್ತು. ಕಾರಣದ ಜಾಗದಲ್ಲಿ ನಾನು ಬರೆದದ್ದೂ ಅರ್ಧ ನಿಜ. ಹೆದರಿದೆ ಅಂತಲೂ ಬರೆಯಬೇಕಿತ್ತು.

ಪ್ಲಾಟ್‌ಫಾರಮ್ಮಿನಲ್ಲಿ ಆ ಸಂಜೆ ಇದ್ದದ್ದು ಹನ್ನೊಂದು ಜನ. ನಿಂತಿದ್ದದ್ದು ಒಂದು ರೈಲು. ಅದು ಸಿಳ್ಳೆ ಹಾಕಲಿಲ್ಲ. ಉಳಿದ ಮಾತುಗಳು ಸರಿಯಾಗಿವೆ ಅಂತ ಅವಳೂ ಒಪ್ಪಿದ್ದಾಳೆ.

ಈಗ ನಮ್ಮ ಮನೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ಅಡುಗೆಮನೆಯ ಕಿಟಕಿ ಹಳಿಯ ಕಡೆಗಿದೆ. ದಿನಾ ಬೆಳಿಗ್ಗೆ ಏಳೂ ನಲವತ್ತಕ್ಕೆ ಆ ಯಂತ್ರ ಬಾಯಿ ತೆರೆಯುತ್ತದೆ. ಹದಿ ನಾಲ್ಕು. ನಿಮಿಷ. ತಡವಾಗಿ. ಒಲೆಯ ಮುಂದೆ ಹಾಲು ಕಲಕುತ್ತಿರುವ ಅವಳ ಕೈ ನಿಲ್ಲುತ್ತದೆ. ಆಮೇಲೆ ಮತ್ತೆ ಕಲಕುತ್ತದೆ.

ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನಾನು ಇವತ್ತಿನವರೆಗೆ ಅಳೆದಿಲ್ಲ.